ಬೀಟೂ ಬೀಸುವ ಪದವೂ

ಗುಮಾಸ್ತನಾದವನಿಗೆ ಒಂದು ಹವ್ಯಾಸ ಇರಲೇಬೇಕು, ಇಲ್ಲದಿದ್ದರೆ ಕಡತಗಳ ಧೂಳು ನೆತ್ತಿಗೇರುತ್ತದೆ ಎಂದು ನಮ್ಮ ಕಚೇರಿಯ ಹಿರಿಯರೊಬ್ಬರು ಹೇಳುತ್ತಿದ್ದರು. ಈ ಉಪದೇಶವನ್ನು ನಮ್ಮ ವಿಭಾಗದವರೆಲ್ಲ ಶಿರಸಾವಹಿಸಿದ್ದಾರೆ. ಆವಕ-ಜಾವಕ ಮೇಜಿನವರು ಹೋಮಿಯೋಪತಿ ಗುಳಿಗೆ ಹಂಚುತ್ತಾರೆ. ಲೆಕ್ಕಪತ್ರದವರು ಭಾನುವಾರ ಬಂತೆಂದರೆ ಸಿಂಹಗಡವನ್ನು ಹತ್ತಿ ಇಳಿಯುತ್ತಾರೆ. ರಜೆಯ ಅರ್ಜಿ ನೋಡುವವರು ಅಂಚೆಚೀಟಿ ಕೂಡಿಸುತ್ತಾರೆ. ನಾನು ಬೀಟು ಮಿಕ್ಸ್ ಮಾಡುತ್ತೇನೆ.

ಊರಿಗೆ ಹೋದಾಗ ಈ ಮಾತು ಹೇಳಿದರೆ ನಮ್ಮ ಸೋದರಮಾವ, “ಬೀಟ್‌ರೂಟ್ ಏನೋ?” ಎಂದು ಕೇಳಿದರು. ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮನೆಯಲ್ಲಿ ನಿಜವಾಗಿಯೂ ಎರಡು ಮಿಕ್ಸರುಗಳಿವೆ. ಒಂದು ಅಡಿಗೆಯ ಕಟ್ಟೆಯ ಮೇಲೆ, ನನ್ನ ಶ್ರೀಮತಿಯ ಸ್ವಾಧೀನದಲ್ಲಿ. ಇನ್ನೊಂದು ನನ್ನ ಹಳೆಯ ಲ್ಯಾಪ್‌ಟಾಪಿನ ಪರದೆಯ ಮೇಲೆ. ಮೊದಲನೆಯದು ಕೊಬ್ಬರಿ, ಮೆಣಸಿನಕಾಯಿ, ಪುಟಾಣಿ ಎಲ್ಲವನ್ನೂ ಗುರುತು ಸಿಗದ ಹಾಗೆ ಅರೆದು ಒಂದು ಮಾಡುತ್ತದೆ. ಎರಡನೆಯದರ ಕೆಲಸ ಇದಕ್ಕೆ ತೀರ ವಿರುದ್ಧವಾದದ್ದು. ಹತ್ತು ಸದ್ದುಗಳನ್ನು ಒಂದು ಹಾಡಿನಲ್ಲಿ ಕೂಡಿಸಬೇಕು, ಕೂಡಿಸಿದ ಮೇಲೂ ಹತ್ತರ ಗುರುತೂ ಉಳಿದಿರಬೇಕು. ಇದು ಚಟ್ನಿಯಲ್ಲ, ಗಿರ್ಮಿಟ್ಟು. ಹುಬ್ಬಳ್ಳಿ-ಧಾರವಾಡದ ಕಡೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚುರುಮುರಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಕೊತ್ತಂಬರಿ ಎಲ್ಲವೂ ಬೆರೆತಿರಬೇಕು. ಆದರೆ ಚುರುಮುರಿ ಹಲ್ಲಿಗೆ ಸಿಕ್ಕಾಗ ಕರುಮ್ ಎನ್ನಬೇಕು. ಗೊಜ್ಜು ಒಂದು ಚಮಚ ಹೆಚ್ಚಾಯಿತೋ, ಎಲ್ಲವೂ ಮೆತ್ತಗಾಗಿ ಮುದ್ದೆಯಾಯಿತು.

ಸರಕಾರಿ ನೌಕರನಿಗೆ ಸದ್ದಿನ ಗೊಡವೆ ಏತಕ್ಕೆ ಎಂದು ಕೇಳುವವರಿಗೆ ನಾನು ಸರ್ ಸಿ. ವಿ. ರಾಮನ್ ಅವರ ಹೆಸರು ಹೇಳಿ ಪಾರಾಗುತ್ತೇನೆ. ೧೯೦೭ರಿಂದ ೧೯೧೭ರವರೆಗೆ ಅವರು ಸರಕಾರದ ಹಣಕಾಸು ಇಲಾಖೆಯ ಅಧಿಕಾರಿ. ಕಲಕತ್ತೆಯಲ್ಲಿ ಹಗಲೆಲ್ಲ ಲೆಕ್ಕಪತ್ರ ನೋಡಿ, ಕಚೇರಿಯ ವೇಳೆಯ ಆಚೀಚೆ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಅಲ್ಲಿ ಅವರ ಮನಸ್ಸನ್ನು ಸೆಳೆದ ವಿಷಯಗಳಲ್ಲಿ ವಾದ್ಯಗಳ ನಾದವೂ ಒಂದು. ಮುಂದೆ ಪ್ರಾಧ್ಯಾಪಕರಾದ ಮೇಲೆ, ೧೯೨೦ರಲ್ಲಿ, ಶಿವಕಾಳಿ ಕುಮಾರ್ ಎಂಬವರೊಡನೆ ಮೃದಂಗ-ತಬಲಾಗಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬರಿಯ ಚರ್ಮ ಬಿಗಿದ ವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಚರ್ಮದ ನಡುವೆ ಕಪ್ಪು ಕರಣೆ ಹಚ್ಚಿದೊಡನೆ ಅವು ಸರಳ ಪ್ರಮಾಣಕ್ಕೆ ಬಂದು ಇಂಪಾಗುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ಅವರೆಲ್ಲಿ, ನಾನೆಲ್ಲಿ! ಆದರೂ ಆನೆ ನಡೆದ ದಾರಿಯಲ್ಲಿ ಇರುವೆಯೂ ನಡೆಯಬಹುದಷ್ಟೆ.

ನನ್ನ ಸಾಮಗ್ರಿ ಹೆಚ್ಚಿನದೇನಲ್ಲ. ಎರಡನೆಯ ಕೈಯಿಂದ ಕೊಂಡ ಲ್ಯಾಪ್‌ಟಾಪು, ಒಂದು ಮೈಕು, ಒಂದು ಹೆಡ್‌ಫೋನು, ಎರಡು ಚಿಕ್ಕ ಸ್ಪೀಕರು, ರೀಪರ್ ಎಂಬ ತಂತ್ರಾಂಶ. ವೇಳೆ ರಾತ್ರಿ ಹತ್ತರ ಮೇಲೆ, ಮಗಳು ಮಲಗಿದ ನಂತರ. ಬಹಳ ದಿನ ಇದು ನನ್ನೊಬ್ಬನ ವಿನೋದವಾಗಿತ್ತು. ಕಳೆದ ವರ್ಷದ ರಾಜ್ಯೋತ್ಸವದ ಹೊತ್ತಿಗೆ ಮಾತ್ರ ಇದು ಮನೆಮಂದಿಯ ಪ್ರಶ್ನೆಯಾಯಿತು.

ಸಂಘದ ಕಾರ್ಯದರ್ಶಿಗಳು ಒಂದು ದಿನ ದೂರವಾಣಿ ಮಾಡಿ, “ಮಕ್ಕಳ ಕುಣಿತಕ್ಕೆ ಒಂದು ಹಾಡು ಬೇಕಲ್ಲ. ಸಿನೇಮಾದ್ದು ಪ್ರತಿವರ್ಷ ಆಗತೈತಿ. ನಿಮ್ಮ ತಾಯಿಯವರು ಬೀಸುವ ಪದ ಹಾಡತಾರಂತ ಕೇಳೇನಿ, ಅದಕ್ಕ ನೀವೇ ಏನರೆ ತಾಳ ಕೂಡಿಸಿ ಕೊಡ್ರಿ” ಎಂದರು. ನಮ್ಮ ಅವ್ವ ವಿಜಯಪುರ ಜಿಲ್ಲೆಯವಳು. ತಂದೆಯವರು ತೀರಿಕೊಂಡ ಮೇಲೆ ಪುಣೆಯಲ್ಲಿ ನಮ್ಮೊಡನೆ ಇದ್ದಾಳೆ. ಅವಳಿಗೀಗ ಎಪ್ಪತ್ತು. ಎಷ್ಟು ಪದ ಬರುತ್ತವೆಂದು ಅವಳಿಗೇ ಲೆಕ್ಕವಿಲ್ಲ. ಒಂದನ್ನು ಹಾಡಿದರೆ ಅದು ಇನ್ನೊಂದನ್ನು ಕರೆದು ತರುತ್ತದೆ.

ಕುಣಿಯುವ ಮಕ್ಕಳು ಎಂಟು. ಎಲ್ಲರೂ ಪುಣೆಯಲ್ಲಿ ಹುಟ್ಟಿದವರು. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ದೂರದರ್ಶನದ ಪೆಟ್ಟಿಗೆಯಲ್ಲಿ ಹಿಂದಿ. ಕನ್ನಡ ಮಾತನಾಡುತ್ತಾರೆ, ಓದಬಲ್ಲವಳು ಒಬ್ಬಳೇ. ಇವರಿಗೆ ಹಾಡಿನ ಸಾಹಿತ್ಯವನ್ನು ಬರೆದು ಕೊಟ್ಟು ಪ್ರಯೋಜನವಿಲ್ಲ. ಕಿವಿಯಲ್ಲಿ ಬಿದ್ದಷ್ಟೇ ಅವರ ಪಾಲಿನ ಕನ್ನಡ. ಈ ಮಾತು ವಾಚಕರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ನನ್ನ ಮಗಳು, ಹತ್ತು ವರ್ಷದವಳು, ಒಂದೇ ಷರತ್ತು ಹಾಕಿದಳು: “ಅಜ್ಜಿ ಹಾಡ್ಲಿ ಅಪ್ಪಾ, ಆದ್ರೆ ಬೀಟ್ ಬೇಕು. ಹೊಟ್ಟೆಯೊಳಗ ಧೂಂ ಅನ್ನಬೇಕು.”

ಈ ‘ಧೂಂ’ಗೂ ಒಂದು ವಂಶಾವಳಿಯಿದೆ. ೧೯೮೦ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯವರು ಟಿಆರ್-೮೦೮ ಎಂಬ ತಾಳದ ಯಂತ್ರವನ್ನು ಮಾರಾಟಕ್ಕೆ ತಂದರು. ಅದರಲ್ಲಿ ಚರ್ಮವಿಲ್ಲ, ಕೋಲಿಲ್ಲ. ವಿದ್ಯುತ್ತಿನಿಂದಲೇ ಹುಟ್ಟಿ, ಗುಂಯ್ಗುಟ್ಟಿ, ನಿಧಾನವಾಗಿ ಕರಗುವ ಒಂದು ಮಂದ್ರ ಧ್ವನಿ. ನಿಜವಾದ ಡ್ರಮ್ಮಿನ ಹಾಗಿಲ್ಲವೆಂದು ಆಗ ಮೂಗು ಮುರಿದವರು ಅನೇಕರು. ಮೂರು ವರ್ಷಗಳಲ್ಲಿ, ೧೯೮೩ಕ್ಕೆ, ತಯಾರಿಕೆಯೇ ನಿಂತಿತು. ಆಮೇಲೆ ಅದೇ ಸದ್ದು ಜಗತ್ತನ್ನೆಲ್ಲ ಆವರಿಸಿತು. ಮುಂಬಯಿಯ ಸಿನೇಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರು ೧೯೮೨ರಷ್ಟು ಹಿಂದೆಯೇ ಈ ಯಂತ್ರದ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿ ಒಂದು ಧ್ವನಿಮುದ್ರಿಕೆ ಮಾಡಿದ್ದರು. ಅಂದು ಕೇಳಿದವರು ಕಡಿಮೆ. ೨೦೧೦ರಲ್ಲಿ ಅದು ಮರುಮುದ್ರಣವಾದಾಗ ಪರದೇಶದವರೂ ಬೆರಗಾದರು. ಆದ್ದರಿಂದ ಮಗಳ ಬೇಡಿಕೆಯನ್ನು ಹುಡುಗಾಟವೆಂದು ತಳ್ಳಿಹಾಕುವಂತಿರಲಿಲ್ಲ.

ಅವ್ವನ ತೊಡಕು ಬೇರೆ. “ಕೈ ತಿರುಗಲಾರದ ಪದ ಹೆಂಗ ಬರತೈತೋ ತಮ್ಮಾ?” ಎಂದಳು. ಕೆಳಗಿನ ಮನೆಯ ಮರಾಠಿ ಅಜ್ಜಿಯವರ ಹತ್ತಿರ ಒಂದು ಬೀಸುಕಲ್ಲಿತ್ತು. ಅವರ ಮಾತಿನಲ್ಲಿ ‘ಜಾತೆ’. ಅದನ್ನು ಇಬ್ಬರು ಹೊತ್ತು ಮೇಲೆ ತಂದೆವು. ಕಲ್ಲಿನ ಜೊತೆಗೆ ಆ ಅಜ್ಜಿಯೂ ಬಂದರು. ಅವ್ವ ಪದ ಎತ್ತಿದರೆ ಅವರು ಓವಿ ಎತ್ತಿದರು. ಭಾಷೆ ಎರಡು, ಬೀಸುವ ಕೈ ಒಂದೇ. ನಮ್ಮ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಸಿ ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಇದೇ ಪುಣೆಯಲ್ಲಿದ್ದ ಹೇಮಾ ರೈರ್‌ಕರ್ ಮತ್ತು ಗೀ ಪ್ವಾತ್ವಾಂ ಅವರು ಮರಾಠಿ ಹಳ್ಳಿಗಳ ಹೆಣ್ಣುಮಕ್ಕಳಿಂದ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳನ್ನು ಸಂಗ್ರಹಿಸಿದರು. ಆ ದಿನ ನಮ್ಮ ಪಡಸಾಲೆಯಲ್ಲಿ ಎರಡೂ ಕಡೆಯವರು ಒಂದೇ ಗೂಟ ಹಿಡಿದು ಒಂದು ಹಿಡಿ ಜೋಳ ಬೀಸಿದರು.

ಮೈಕನ್ನು ಅವ್ವನ ಬಾಯಿಂದ ಒಂದು ಗೇಣು ದೂರದಲ್ಲಿಟ್ಟು, ಕಲ್ಲಿಗೆ ಬೆನ್ನು ತಿರುಗಿಸಿ, ಪದವನ್ನು ಹಿಡಿದೆ. ಕಲ್ಲಿನ ಸದ್ದನ್ನು ಆಮೇಲೆ ಬೇರೆಯಾಗಿ ಹಿಡಿದೆ. ಆಳೆದು ನೋಡಿದರೆ, ಪದದ ಆರಂಭದಲ್ಲಿ ನಿಮಿಷಕ್ಕೆ ೮೪ ಮಾತ್ರೆ. ಕೈಗೆ ಹದ ಬಂದಂತೆ ಕೊನೆಗೆ ೯೦. ತಂತ್ರಾಂಶವು ದನಿಯನ್ನು ಹಿಗ್ಗಿಸಿ ಕುಗ್ಗಿಸಿ ಗಡಿಯಾರದ ಗೆರೆಗೆ ತರಬಲ್ಲದು. ಆದರೆ ಎಪ್ಪತ್ತು ವರ್ಷದ ಉಸಿರನ್ನು ಯಂತ್ರಕ್ಕೆ ಹೊಂದಿಸುವುದಕ್ಕಿಂತ ಯಂತ್ರವನ್ನು ಉಸಿರಿಗೆ ಹೊಂದಿಸುವುದು ಮರ್ಯಾದೆ. ಸಾಲು ಸಾಲಿಗೂ ಬೀಟಿನ ವೇಗವನ್ನು ಅವ್ವನ ಕೈಯ ವೇಗಕ್ಕೆ ಬರೆದುಕೊಂಡೆ. ತಾಳ ಯಂತ್ರದ್ದು, ಲಯ ಅವ್ವನದು.

ಮೊದಲ ಸಲ ಎಲ್ಲವನ್ನೂ ಕೂಡಿಸಿ ಅವ್ವನ ಕಿವಿಗೆ ಹೆಡ್‌ಫೋನು ಹಾಕಿದೆ. ಎರಡು ನಿಮಿಷ ಕೇಳಿ ಅವಳು ಸಂತೋಷದಿಂದಲೇ ಹೇಳಿದಳು: “ಡೊಳ್ಳು ಭಾಳ ಛಲೋ ಐತಿ ತಮ್ಮಾ. ಪದ ಯಾವಾಗ ಚಾಲೂ ಆಗತೈತಿ?”

ಪದ ಆರಂಭವಾಗಿ ಎರಡು ನಿಮಿಷವಾಗಿತ್ತು!

ಮಗಳನ್ನು ಕೇಳಿದೆ. “ನಂಗೆ ಕೇಳಿಸ್ತದಲ್ಲ ಅಪ್ಪಾ. ಅಜ್ಜಿ ಟವರ್ ಬಗ್ಗೆ ಹಾಡ್ಯಾಳ” ಎಂದಳು. ಯಾವ ಟವರು? ಅವ್ವ ಹಾಡಿದ್ದು ತವರುಮನೆಯ ಮೇಲೆ. ನಮ್ಮ ವಸತಿಯ ಸುತ್ತಮುತ್ತ ‘ಟವರ್’ ಎಂದು ಹೆಸರಿಟ್ಟುಕೊಂಡ ಹತ್ತಾರು ಎತ್ತರದ ಕಟ್ಟಡಗಳಿವೆ. ಮಗು ತಿಳಿದ ಮಾತನ್ನು ಕೇಳಿಸಿಕೊಂಡಿತು. ತವರು ಟವರಾದದ್ದನ್ನು ಕೇಳಿ ಮನೆಯವರೆಲ್ಲ ನಕ್ಕರು. ರಾತ್ರಿ ಕೆಲಸಕ್ಕೆ ಕುಳಿತಾಗ ನನಗೆ ನಗು ಬರಲಿಲ್ಲ. ಒಂದು ಅಕ್ಷರ ಮಸುಕಾದರೆ ಒಂದು ಊರೇ ಮಾಯವಾಗುತ್ತದಲ್ಲ ಎನ್ನಿಸಿತು.

ತ ಮತ್ತು ಟ ಇವುಗಳ ಅಂತರವೆಷ್ಟು? ನಾಲಿಗೆ ಹಲ್ಲಿಗೆ ತಾಗಿದರೆ ತ, ಮಡಿಚಿ ಅಂಗುಳಿಗೆ ತಾಗಿದರೆ ಟ. ಕಿವಿ ಇದನ್ನು ತಿಳಿಯುವುದು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲು ಹೊತ್ತು ಇರುವ ಒಂದು ಸಣ್ಣ ಸಿಡಿತದಿಂದ. ಮನುಷ್ಯನ ಕಿವಿಗೆ ಸೆಕೆಂಡಿಗೆ ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗೆ ಕೇಳುತ್ತದೆ ಎನ್ನುತ್ತಾರೆ. ಇವನ್ನೇ ಹರ್ಟ್ಸ್ ಎನ್ನುವುದು. ಸ್ವರಗಳ ಬಲವೆಲ್ಲ ಕೆಳಗಿನ ಭಾಗದಲ್ಲಿದೆ. ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ ೨,೦೦೦ ಹರ್ಟ್ಸಿನ ಮೇಲಿದೆ. ಬಲ ಕಡಿಮೆ, ಅರ್ಥ ಹೆಚ್ಚು. ಒಂದು ದೊಡ್ಡ ಸದ್ದು ತನ್ನ ನೆರೆಯ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಅದರಲ್ಲೂ ಮಂದ್ರದ ಸದ್ದು ತನಗಿಂತ ಮೇಲಿನದನ್ನು ಮುಚ್ಚುವಷ್ಟು, ಮೇಲಿನದು ಮಂದ್ರವನ್ನು ಮುಚ್ಚಲಾರದು. ಹೀಗಾಗಿ ‘ಧೂಂ’ ಎಂಬ ಭೀಮನ ಎದುರು ‘ತ’ ಎಂಬ ಮಗು ನಿಲ್ಲಬೇಕು. ಸಾಲದ್ದಕ್ಕೆ ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸದ್ದುಗಳನ್ನೇ. ಅವ್ವನಿಗೆ ಡೊಳ್ಳು ಕೇಳಿ ಪದ ಕೇಳದಿದ್ದುದು ಈ ಕಾರಣದಿಂದ.

ಇಂಥ ಹೊತ್ತಿನಲ್ಲಿ ಯಾರಿಗಾದರೂ ಮೊದಲು ತೋಚುವ ಉಪಾಯವೆಂದರೆ ಹಾಡುವ ದನಿಯನ್ನು ಏರಿಸುವುದು. ದನಿ ಏರಿದರೆ ಬೀಟು ಸಪ್ಪೆ. ಬೀಟು ಏರಿದರೆ ಕಲ್ಲು ಕೇಳದು. ಕಲ್ಲನ್ನೂ ಏರಿಸಿದರೆ ಮತ್ತೆ ದನಿ ಹಿಂದೆ. ಬಾಡಿಗೆದಾರರ ಜಗಳ ಹೀಗೆಯೇ ಬೆಳೆಯುವುದು. ಅಂಕಿಗಳ ಲೋಕದಲ್ಲಿ ಸೊನ್ನೆ ಡೆಸಿಬಲ್ ಎಂಬುದು ಪಾತ್ರೆಯ ಕಂಠ. ಒಂದೇ ಸದ್ದಿನ ಎರಡು ಸಮನಾದ ಪ್ರತಿಗಳನ್ನು ಕೂಡಿಸಿದರೆ ಮಟ್ಟವು ೬ ಡೆಸಿಬಲ್ ಮೇಲೇರುತ್ತದೆ. ಕಂಠದವರೆಗೆ ತುಂಬಿದ ಹಾಲನ್ನು ಉರಿಗಿಟ್ಟರೆ ಆಗುವುದೇ ಇಲ್ಲಿಯೂ ಆಗುತ್ತದೆ. ಉಕ್ಕಿದ ಸದ್ದು ಕಟಕಟ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ.

ಬೇರೆಯ ದಾರಿಯನ್ನು ತೋರಿಸಿದ್ದು ಪುಣೆಯೇ. ಗಣೇಶ ಚತುರ್ಥಿಗೆ ಮೊದಲಿನ ವಾರಗಳಲ್ಲಿ ಸಂಜೆ ಹೊತ್ತು ನದಿಯ ಪಾತ್ರದ ಪಕ್ಕದಲ್ಲಿ ಢೋಲ್-ತಾಷಾ ಪಥಕಗಳ ತಾಲೀಮು ನಡೆಯುವುದನ್ನು ಇಲ್ಲಿನ ವಾಚಕರೆಲ್ಲ ಕೇಳಿಯೇ ಇರುತ್ತೀರಿ. ಹತ್ತಾರು ಢೋಲುಗಳ ನಡುವೆ ಕೆಲವೇ ತಾಷಾಗಳು. ಆದರೂ ಕಚೇರಿ ಬಿಟ್ಟು ಸೇತುವೆ ದಾಟುವಾಗ ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಢೋಲು ನೆಲದಲ್ಲಿ, ತಾಷಾ ಆಕಾಶದಲ್ಲಿ. ನಡುವೆ ಜಾಗ ಬಯಲು. ಒಂದರ ಸೀಮೆಗೆ ಇನ್ನೊಂದು ಕಾಲಿಡುವುದಿಲ್ಲ. ಯಾರು ಹೇಗೆ ಅಳೆದರೋ ತಿಳಿಯದು, ಸರ್ವೆ ಇಲಾಖೆಯವರು ಹಾಕಿದ ಕಲ್ಲಿನಷ್ಟು ಖಚಿತವಾದ ಗಡಿ.

ಆ ಮೇಲೆ ನನ್ನ ಕೆಲಸ ಏರಿಸುವುದಾಗಿರದೆ ಬಿಡಿಸುವುದಾಯಿತು. ಮೊದಲು ಅವ್ವನ ದನಿ. ಅದು ೧೫೦ ಹರ್ಟ್ಸಿಗಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಿದ್ದಮೇಲೆ ೧೦೦ರ ಕೆಳಗೆ ಅದರ ಪಟ್ಟಿಯಲ್ಲಿ ಇರುವುದೇನು? ಬೀದಿಯ ಬಸ್ಸಿನ ಗುಡುಗು, ಕಲ್ಲಿನ ಅದುರು, ವಿದ್ಯುತ್ತಿನ ೫೦ ಹರ್ಟ್ಸಿನ ಗುಂಯ್. ಅಷ್ಟನ್ನೂ ಸೋಸಿ ತೆಗೆದೆ. ಆ ಖಾಲಿ ಜಾಗ ‘ಧೂಂ’ ಸದ್ದಿನದಾಯಿತು. ಅದರ ತವರು ೫೦ರ ಆಸುಪಾಸು. ಪ್ರತಿಯಾಗಿ ‘ಧೂಂ’ ಸದ್ದಿನಿಂದ ೨೫೦-೪೦೦ರ ಭಾಗವನ್ನು ೪ ಡೆಸಿಬಲ್ ಇಳಿಸಿದೆ. ಹಾಡುಗಳು ಕೆಸರಾಗುವುದು ಹೆಚ್ಚಾಗಿ ಈ ಓಣಿಯಲ್ಲಿ. ಎಲ್ಲ ವಾದ್ಯಗಳೂ ಇಲ್ಲಿ ಬಂದು ನಿಲ್ಲುತ್ತವೆ. ಬೀಸುಕಲ್ಲಿನ ಸರಸರ ಸದ್ದಿನಲ್ಲಿ ೨,೦೦೦ದಿಂದ ೪,೦೦೦ದವರೆಗೆ ಒಂದು ತಗ್ಗು ತೋಡಿದೆ. ಅಲ್ಲಿ ಅವ್ವನ ವ್ಯಂಜನಗಳು ಕುಳಿತವು. ಚಿಕ್ ಚಿಕ್ ಎನ್ನುವ ಲೋಹದ ಸದ್ದನ್ನು ಸ್ವಲ್ಪ ಎಡಕ್ಕೆ, ಕಲ್ಲನ್ನು ಸ್ವಲ್ಪ ಬಲಕ್ಕೆ ಸರಿಸಿ, ನಡುಮನೆಯನ್ನು ಅವ್ವನಿಗೂ ‘ಧೂಂ’ಗೂ ಬಿಟ್ಟೆ.

ಇನ್ನು ಕಂಪ್ರೆಸರ್ ಎಂಬ ಉಪಕರಣ. ಇದರ ಬಗ್ಗೆ ಪುಸ್ತಕಗಳು ಬಹಳ ಗೊಂದಲ ಮಾಡುತ್ತವೆ. ಸರಕಾರಿ ನೌಕರನಿಗೆ ಇದು ಅತ್ಯಂತ ಪರಿಚಿತ ವಸ್ತು. ಒಂದು ಮಿತಿಯವರೆಗಿನ ಖರ್ಚಿಗೆ ತಕರಾರಿಲ್ಲ. ಮಿತಿ ಮೀರಿದ ಪ್ರತಿ ೪ ರೂಪಾಯಿಗೆ ೧ ರೂಪಾಯಿ ಮಾತ್ರ ಮಂಜೂರು. ಇದೇ ನಾಲ್ಕಕ್ಕೆ ಒಂದರ ಪ್ರಮಾಣ. ಮಂಜೂರಾತಿ ತೀರ ಬೇಗ ಬಂದರೆ ಬೀಟಿನ ಮೊದಲ ಪೆಟ್ಟು ಸತ್ತುಹೋಗುತ್ತದೆ; ಹಿಡಿತ ತೀರ ತಡವಾಗಿ ಸಡಿಲಿದರೆ ಮುಂದಿನ ಪೆಟ್ಟಿಗೂ ಕತ್ತರಿ ಬೀಳುತ್ತದೆ. ನಿಮಿಷಕ್ಕೆ ೯೦ ಮಾತ್ರೆಯಾದರೆ ಎರಡು ಪೆಟ್ಟುಗಳ ನಡುವಿನ ಅಂತರ ಸೆಕೆಂಡಿನ ಮೂರರಲ್ಲಿ ಎರಡು ಪಾಲು. ಅಷ್ಟರೊಳಗೆ ಹಿಡಿತ ಸಡಿಲಬೇಕು. ಶ್ರುತಿಗೆಂದು ಹಾಕಿದ್ದ ಏಕನಾದದ ಪಟ್ಟಿಗೆ ಇದನ್ನೇ ಇನ್ನೊಂದು ರೀತಿಯಲ್ಲಿ ಕಟ್ಟಿದೆ. ‘ಧೂಂ’ ಬಂದಾಗಲೆಲ್ಲ ಶ್ರುತಿ ಕ್ಷಣಮಾತ್ರ ತಗ್ಗಿ ದಾರಿ ಬಿಡುತ್ತದೆ, ಹಿರಿಯರು ಬಂದಾಗ ಕಟ್ಟೆಯ ಮೇಲೆ ಸರಿದು ಕೂಡ್ರುವ ಹುಡುಗರ ಹಾಗೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಯಂತ್ರದ ಯಾವ ಗುಂಡಿಯೂ ಅಲ್ಲ. ಕಚೇರಿಯ ಟಿಪ್ಪಣಿಯಲ್ಲಿ ಮಾರ್ಜಿನ್ ಬಿಟ್ಟು ಬರೆಯುತ್ತೇವಲ್ಲ, ಹಾಗೆ ಬೀಟಿನಲ್ಲಿಯೂ ಮಾರ್ಜಿನ್ ಬಿಟ್ಟೆ. ನಮ್ಮ ಪದ ಮೂರು ಸಾಲಿನದು. ಮೂರನೆಯ ಸಾಲು ಮುಗಿದ ಮೇಲೆ ಅವ್ವ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕಲ್ಲು ಮಾತ್ರ ತಿರುಗುತ್ತದೆ. ಮಾತಿರುವಲ್ಲಿ ಬೀಟು ತೆಳುವಾಗಿ, ಮಾತಿಲ್ಲದಲ್ಲಿ ತುಂಬಿ ಬರುವಂತೆ ಮಾಡಿದೆ. ಮಗಳಿಗೆ ಬೇಕಾದ ‘ಧೂಂ’ ಹೊಟ್ಟೆ ನಡುಗಿಸುವುದು ಆ ಉಸಿರಿನ ಜಾಗದಲ್ಲಿ. ಕುಣಿತ ಕಲಿಸುವವರೂ ಮಕ್ಕಳ ನೆಗೆತವನ್ನು ಅಲ್ಲಿಯೇ ಇಟ್ಟರು.

ಕೋಣೆಯ ವಿಷಯ ಹೇಳದಿದ್ದರೆ ಪ್ರಬಂಧ ಪೂರ್ತಿಯಾಗದು. ನಮ್ಮದು ೧೦ ಅಡಿ ಅಗಲದ ಕೋಣೆ. ಎದುರುಬದುರು ಗೋಡೆಗಳ ನಡುವೆ ೧೦ ಅಡಿ ಇದ್ದರೆ ಸುಮಾರು ೫೬ ಹರ್ಟ್ಸಿನ ಅಲೆ ಅಲ್ಲಿ ಜೋಕಾಲಿಯಾಡುತ್ತದೆ. ಗೋಡೆಯ ಹತ್ತಿರ ಗುಡುಗುತ್ತದೆ, ನಟ್ಟನಡುವೆ ಇಲ್ಲವೇ ಇಲ್ಲ ಎನ್ನುವಷ್ಟು ಕ್ಷೀಣವಾಗುತ್ತದೆ. ಆದ್ದರಿಂದ ಕೋಣೆಯ ಮಧ್ಯೆ ಕುಳಿತವನಿಗೆ ಬೀಟು ಬಡವಾಗಿ ಕಾಣುತ್ತದೆ, ಗೋಡೆಗೆ ಆತು ನಿಂತ ನನ್ನ ಶ್ರೀಮತಿ, “ಏನ್ರೀ, ಡಬ್ಬಿ ಅಲಗಾಡಾಕ ಹತ್ಯಾವ!” ಎನ್ನುತ್ತಾಳೆ. ಇಬ್ಬರ ಮಾತೂ ನಿಜ. ಕುರ್ಚಿಯನ್ನು ನಡುವಿನಿಂದ ಎರಡಡಿ ಹಿಂದಕ್ಕೆ ಸರಿಸಿ, ಹೆಡ್‌ಫೋನಿನಲ್ಲಿಯೂ ತಾಳೆ ನೋಡುವುದು ಇದಕ್ಕೆ ಪರಿಹಾರ. ಗೋಡೆಗಳ ಪ್ರತಿಧ್ವನಿಗೆ ಅವ್ವ ಹೊಲಿದ ಎರಡು ಕೌದಿಗಳನ್ನು ತೂಗುಹಾಕಿದೆವು. ಕೌದಿ ಮೇಲಿನ ಸದ್ದುಗಳ ಮಾರ್ದನಿಯನ್ನು ಚೆನ್ನಾಗಿ ಹೀರುತ್ತದೆ. ಮಂದ್ರದ ಅಲೆಗೆ ಅದು ಲೆಕ್ಕಕ್ಕಿಲ್ಲ.

ಮೆಲ್ಲಗೆ ಕೇಳುವುದೂ ಒಂದು ವಿದ್ಯೆ. ಸದ್ದು ಕಡಿಮೆಯಾದಾಗ ಕಿವಿಗೆ ಮಂದ್ರ ಸ್ವರಗಳು ಬೇಗ ಕ್ಷೀಣಿಸುತ್ತವೆಂದು ಅಮೇರಿಕದ ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿ ಅಳೆದು ತೋರಿಸಿದರು. ಜೋರಾಗಿ ಹಾಕಿದರೆ ಎಲ್ಲ ಹಾಡೂ ತುಂಬಿದಂತೆ ತೋರುವುದು ಇದಕ್ಕೇ. ಮಗಳ ನಿದ್ದೆಗಾಗಿ ನಾನು ಮೆಲ್ಲಗೆ ಕೇಳಬೇಕಾದದ್ದು ವರವೇ ಆಯಿತು: ಪಿಸುಮಾತಿನಷ್ಟು ಸದ್ದಿನಲ್ಲಿ ಮಾತು ತಿಳಿದರೆ ಸಭಾಗೃಹದಲ್ಲಿ ತಿಳಿಯುವುದರಲ್ಲಿ ಸಂದೇಹವಿಲ್ಲ. ಕಿವಿಗೂ ಕ್ಷೇಮ. ೮೫ ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ೮ ಗಂಟೆಗಿಂತ ಹೆಚ್ಚು ಇರಬಾರದು, ಮೇಲಿನ ಪ್ರತಿ ೩ ಡೆಸಿಬಲ್ಲಿಗೆ ಆ ಅವಧಿ ಅರ್ಧವಾಗುತ್ತದೆ ಎಂಬುದು ತಜ್ಞರು ಹಾಕಿಕೊಟ್ಟ ಒಂದು ಲೆಕ್ಕ. ಮಕ್ಕಳಿಗೆ ಹೆಡ್‌ಫೋನು ಕೊಡಿಸಿದ ತಂದೆತಾಯಿಗಳು ಇದನ್ನು ಗೋಡೆಗೆ ಅಂಟಿಸಿಟ್ಟರೂ ಚಿಂತೆಯಿಲ್ಲ.

ಮಿಕ್ಸ್ ಸ್ವಚ್ಛವಾಯಿತೋ ಇಲ್ಲವೋ ಎಂಬುದಕ್ಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡೆ. ಪದದಲ್ಲಿ ೨೪ ಶಬ್ದಗಳನ್ನು ಆರಿಸಿದೆ. ಭಾನುವಾರ ತಾಲೀಮಿಗೆ ಬಂದ ಮಕ್ಕಳನ್ನು ಕೂಡ್ರಿಸಿ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಹಾಡು ಹಾಕಿ, ಕೇಳಿದ ಮಾತನ್ನು ತಮಗೆ ಬರುವ ಲಿಪಿಯಲ್ಲಿ ಬರೆಯಲು ಹೇಳಿದೆ. ಮೊದಲ ಭಾನುವಾರ ಹೆಚ್ಚಿನವರಿಗೆ ಸಿಕ್ಕಿದ್ದು ೯. ಎರಡನೆಯ ವಾರ ೧೫. ನಾಲ್ಕನೆಯ ವಾರ ೨೨. ದೇವನಾಗರಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಬರೆದ ಆ ಚೀಟಿಗಳಲ್ಲಿ, ನಾಲ್ಕನೆಯ ವಾರ, ‘ತವರು’ ತವರೇ ಆಗಿತ್ತು.

ನನ್ನ ಮಗಳು ಚೀಟಿ ಕೊಟ್ಟವಳೇ ಅವ್ವನ ಹತ್ತಿರ ಹೋಗಿ ಕುಳಿತಳು. “ಅಜ್ಜಿ, ತವರು ಅಂದ್ರೇನು?”

“ಹೆಣ್ಣಮಕ್ಕಳು ಹುಟ್ಟಿ ಬೆಳದ ಮನಿ. ಲಗ್ನ ಆಗಿ ಹ್ವಾದ ಮ್ಯಾಲ ಅದಕ್ಕ ತವರಮನಿ ಅಂತಾರವ್ವಾ.”

“ಅಂದ್ರೆ ಮಾಹೇರ್!” ಎಂದು ಮಗಳು ಮರಾಠಿಯಲ್ಲಿ ಅರ್ಥ ಹಚ್ಚಿಕೊಂಡಳು. ಸ್ವಲ್ಪ ತಡೆದು, “ಹಂಗಾದ್ರೆ ನಿನ್ನ ತವರು ಊರಾಗೈತಿ. ನಂದು?” ಎಂದು ಕೇಳಿದಳು.

ಅವ್ವ ಬಾಗಿಲಲ್ಲಿ ನಿಂತ ನನ್ನನ್ನೊಮ್ಮೆ, ಕೌದಿ ತೂಗುಹಾಕಿದ ಗೋಡೆಯನ್ನೊಮ್ಮೆ ನೋಡಿದಳು. “ನಿಂದು ಇದೇ ಮತ್ತ. ಈ ಎರಡು ಖೋಲಿನ ನಿನ್ನ ತವರಮನಿ” ಎಂದಳು. ದನಿಯಲ್ಲಿ ನೋವಿತ್ತೋ, ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ. ಯಾವ ಯಂತ್ರವೂ ಅದನ್ನು ಬೇರ್ಪಡಿಸಿ ತೋರಿಸಲಾರದು.

ರಾಜ್ಯೋತ್ಸವದ ದಿನ ಸಭಾಗೃಹದ ಧ್ವನಿವರ್ಧಕಗಳು ತಮ್ಮ ಸ್ವಭಾವಕ್ಕೆ ತಕ್ಕಂತೆ ಗದ್ದಲ ಮಾಡಿದವು. ಆದರೂ ಹಿಂದಿನ ಸಾಲಿನ ಹೆಂಗಸರು ಪದದ ಜೊತೆ ತುಟಿಯಾಡಿಸುತ್ತಿದ್ದುದನ್ನು ನಾನು ಕಂಡೆ. ಮಕ್ಕಳು ನೆಗೆಯಬೇಕಾದಲ್ಲಿ ನೆಗೆದರು.

ಪುಣೆ, ಮುಂಬಯಿ, ಹೈದರಾಬಾದುಗಳಂಥ ಊರುಗಳಲ್ಲಿ ನಮ್ಮ ಕನ್ನಡದ ಸ್ಥಿತಿಯೂ ಹೀಗೆಯೇ ಅಲ್ಲವೆ? ಸುತ್ತಲಿನ ಸದ್ದು ದೊಡ್ಡದೆಂದು ನಾವೂ ಕೂಗಿದರೆ ಎಲ್ಲರ ಕಿವಿಯೂ ಕೆಡುತ್ತದೆ, ಅಷ್ಟೆ. ದಿನದಲ್ಲಿ ಒಂದಿಷ್ಟು ಹೊತ್ತು ಮಿಕ್ಕ ಸದ್ದುಗಳನ್ನು ತಗ್ಗಿಸಿ, ಉಸಿರಾಡುವಷ್ಟು ಜಾಗವನ್ನು ಮನೆಯಲ್ಲಿ ಅದಕ್ಕೆ ಬಿಟ್ಟರೆ, ಅದರ ತಕಾರ ಟಕಾರಗಳು ಮಕ್ಕಳಿಗೆ ತಾವಾಗಿಯೇ ಕೇಳಿಸುತ್ತವೆ.

ನಿಮ್ಮ ಮನೆಯಲ್ಲಿಯೂ ಪದ ಬಲ್ಲ ಹಿರಿಯರಿದ್ದರೆ ಇಂದೇ ಅವರ ದನಿಯನ್ನು ಹಿಡಿದಿಡಿ. ಪಂಖ ನಿಲ್ಲಿಸಿ, ಕಿಟಕಿ ಮುಚ್ಚಿ, ಬೀಟು ಗೀಟು ಏನೂ ಇಲ್ಲದ ಶುದ್ಧ ಪ್ರತಿಯೊಂದನ್ನು ಮೊದಲು ತೆಗೆದಿರಿಸಿ. ಅದನ್ನು ಎರಡು ಕಡೆ ಜೋಪಾನ ಮಾಡಿ. ಬೀಟು ಮುಂದಿನ ವರ್ಷ ಬದಲಾದೀತು, ಮತ್ತೆ ಹೊಸದನ್ನು ಕೂಡಿಸಬಹುದು. ಕೂಡಿಸುವ ಕೆಲಸಕ್ಕೆ ಯಾರಾದರೂ ಬೇಕೆನ್ನಿಸಿದರೆ, ಭಾನುವಾರ ಸಂಜೆ ನಮ್ಮ ಮನೆಗೆ ಬನ್ನಿ. ಕೌದಿಗಳು ಇನ್ನೂ ಗೋಡೆಯ ಮೇಲೆಯೇ ಇವೆ. ಗಿರ್ಮಿಟ್ಟಿನ ಜವಾಬ್ದಾರಿಯನ್ನು ನನ್ನ ಶ್ರೀಮತಿ ಒಪ್ಪಿಕೊಂಡಿದ್ದಾಳೆ.